ನೀರಿನ ತೂಕ ಮುರಿದು

ಮಂದಿ ತೂಗೋ ಮಿಶಿನ್ನು ಆಗ ಕೊಟ್ಟೂರಾಗ ಎಲ್ಲಿತ್ತೋ, ನನಗಂತೂ ಗೊತ್ತಿರಲಿಲ್ಲ. ನನ್ನ ತೂಗಿದ್ದು ಶೇಂಗಾ ಮಂಡಿಯಾಗ, ಮೂಟಿ ಇಡೋ ತಕ್ಕಡಿ ಮ್ಯಾಲೆ. ತೂಗಿದವರು ನಮ್ಮ ಮನಿಯವ್ರು. ಮಂಡಿಯಾಗ ತೂಕ ಮಾಡೋದೇ ಅವರ ಕೆಲಸ. ಎಂಬತ್ತರ ದಶಕ ಸುರುವಾದ ಹೊಸತರಾಗಿನ ಮಾತು ಇದು.

ಚೊಚ್ಚಲ ಹೆರಿಗಿ ಆದ ಮ್ಯಾಲೆ ನನಗ ತಲಿ ಕೆಟ್ಟಿತ್ತು. ಮುಚ್ಚುಮರಿ ಯಾಕ? ನಿದ್ದಿ ಹೋತು. ತೊಟ್ಲಾಗಿನ ಕೂಸು ನಂದಲ್ಲ, ಯಾರೋ ಬದಲಿ ಮಾಡ್ಯಾರ ಅಂತ ಓಣಿ ತುಂಬ ಕೂಗಾಡಿದೆ. ಅತ್ತಿ ಕೂಸನ್ನ ನನ್ನ ಕೈಗೆ ಕೊಡದಂಗ ಸೆರಗಿನಾಗ ಮುಚ್ಚಿಟ್ಕೊಂಡ್ರು. ದಾವಣಗೆರಿಗೆ ಕರ್ಕೊಂಡು ಹೋದ್ರು, ಅಲ್ಲಿ ಡಾಕ್ಟ್ರು ಗುಳಿಗಿ ಕೊಟ್ರು. ಎರಡು ತಿಂಗಳೊಳಗ ಮಗಳು ನನ್ನ ಮಗಳಾದ್ಲು. ಅವಳ ಮೂಗು ನನ್ನ ಮೂಗಿನಂಗ ಐತಿ ಅಂತ ಕಂಡ ದಿನ ಅತ್ತಷ್ಟು ನಾನು ಮದುವಿ ದಿನಾನೂ ಅತ್ತಿಲ್ಲ. ಗುಳಿಗಿ ಬಿಟ್ರ ಮತ್ತ ಕೂಸು ಕಳ್ಕೊಂತೀನಿ, ಆಗ ನನಗಿದ್ದದ್ದು ಅದೊಂದ ಹೆದರಿಕಿ.

"ಎಳೇ ಕೂಸು ಕಟ್ಕೊಂಡು ಬಸ್ಸಿನಾಗ ಅಲೀಬ್ಯಾಡ್ರಿ, ಇನ್ನ ಆರು ತಿಂಗಳು ಬಿಟ್ಟು ಬರ್ರಿ" ಅಂದ್ರು ಡಾಕ್ಟ್ರು, ಎರಡನೇ ಸಲ ಹೋದಾಗ. "ಆದ್ರ ತಿಂಗಳಿಗೊಂದು ಕಾರ್ಡು ಬರೀರಿ. ನಿದ್ದಿ ಹೆಂಗೈತಿ, ತೂಕ ಎಷ್ಟೈತಿ. ಈ ಗುಳಿಗಿಗೆ ಮೈ ಬರತೈತಿ." ಅವತ್ತು ಅವರ ಮಿಶಿನ್ನಿನಾಗ ನಾನು ನಲವತ್ತೆಂಟು ಕೇಜಿ.

ಮೈ ಬಂತು. ಬಂತಂದ್ರ ಹೆಂಗ! ಕುಪ್ಪಸದ ಹೊಲಿಗಿ ಬಿಚ್ಚಿಸಿದ್ವಿ, ದೊಡ್ಡ ಬಳಿ ಇಡಿಸಿದ್ವಿ. ಅತ್ತಿಗೆ ಹಿಗ್ಗೋ ಹಿಗ್ಗು. ಸೊಸಿನ್ನ ಉಪವಾಸ ಕೆಡವ್ಯಾಳ ಅಂತ ಆಡ್ಕೊಂಡವರ ಮುಂದ ನನ್ನ ನಿಲ್ಲಿಸಿ, "ಈಗ ಹೇಳ್ರೆವ್ವಾ" ಅಂತಿದ್ರು. ಹಿಂದಿನ ಮನಿಯಾಕಿ ಮಗಳು ಬಡಕಲು. ಆಕಿನ್ನ ನೋಡಾಕ ತಂಬ್ರಹಳ್ಳಿಯಿಂದ ಗಂಡಿನವರು ಬರೋರು ಅದಾರ ಅಂತ, ನನ್ನ ಗುಳಿಗಿ ನಾಕು ಕೇಳಾಕ ಅವರವ್ವ ಬಂದ್ಲು.

"ಯವ್ವಾ, ಇದು ತಲಿ ಕೆಟ್ಟವರ ಗುಳಿಗಿ" ಅಂದೆ.

"ಇರಲೇಳು, ಮದುವಿ ಆದ ಮ್ಯಾಲೆ ಬಿಡಿಸಿದ್ರಾತು" ಅಂದ್ಲು.

ಎಲಾ ಇವಳ! ಗುಳಿಗಿ ಡಬ್ಬಿ ಟ್ರಂಕಿನಾಗ ಇಟ್ಟು ಕೀಲಿ ಹಾಕಿದೆ.

ನಮ್ಮ ಮನಿಯವ್ರು ತೂಕದಾಗ ಬಲು ಕಟ್ಟುನಿಟ್ಟು. ಮೂಟಿ ಇಟ್ರ ಚೀಲದ ತೂಕ ಮುರೀಬೇಕು, ಅಂದ್ರ ಲೆಕ್ಕದಾಗ ಕಳೀಬೇಕು, ಕಾಯಿ ಹಸಿ ಇದ್ರ ನೀರಿನ ತೂಕ ಮುರೀಬೇಕು. ವರ್ಷಾನುಗಟ್ಟಲೆ ಕೈಗೆ ಹತ್ತಿದ ರೂಢಿ, ತಿಂಗಳಿಗೊಮ್ಮೆ ತಕ್ಕಡಿ ಮ್ಯಾಲೆ ಹೆಂಡತಿನ್ನ ನಿಲ್ಲಿಸಿದ್ರೂ ಬಿಡಲಿಲ್ಲ. "ಸೀರಿ, ಒಂದು ಕೇಜಿ ಮುರಿ. ಉಂಡು ಬಂದೀಯೇನು? ಎರಡು ಮುರಿ. ನೀರು ಎಷ್ಟು ಚೊಂಬು ಕುಡದಿ?" ಒಂದು ಚೊಂಬಿಗೆ ಒಂದು ಕೇಜಿ. ಸುತ್ತ ಹಮಾಲರು ನಿಂತು ನೋಡೋರು. ಅವರಾಗ ಒಬ್ಬಾತ, "ಅಣ್ಣಾ, ಅಕ್ಕ ಬೆವತಾಳ, ಮಾಲು ಹಸಿ ಐತಿ, ಇನ್ನೆರಡು ಮುರಿ" ಅಂದ. ಎಲ್ಲರೂ ನಕ್ರು. ಇವರೊಬ್ರು ನಗಲಿಲ್ಲ, ಗಂಭೀರಾಗಿ ಮುರಿದ್ರು.

ತಿಂಗಳು ಕಳೆದಂಗ ನನಗ ನೀರಡಿಕಿ ಹೆಚ್ಚಾತು. ಕೊಡದಿಂದ ಬಚ್ಚಲಿಗೆ, ಬಚ್ಚಲಿಂದ ಕೊಡಕ್ಕ, ಇದಾ ಆತು ನನ್ನ ಓಡಾಟ. "ಇವಳೊಬ್ಬಾಕಿಗೆ ಒಂದು ಬಾವಿ ತೋಡಸ್ಬೇಕು" ಅಂತ ಅತ್ತಿ ಗೊಣಗಿದ್ರು. ನಾನು ಹೆಚ್ಚು ಕುಡಿದಷ್ಟು ಇವರು ಹೆಚ್ಚು ಮುರಿದ್ರು. ಆರನೇ ತಿಂಗಳಿಗೆ ಮುಳ್ಳು ಅರವತ್ತೊಂದಕ್ಕ ನಿಂತಿತ್ತು. ಸೀರಿ ಒಂದು, ಊಟ ಎರಡು, ಬೆವರು ಎರಡು, ನೀರು ಎಂಟು. ಕಾರ್ಡಿಗೆ ಬರೆದದ್ದು ನಲವತ್ತೆಂಟು.

ನಾನು ಕುಡಿದಿದ್ದು ನಾಕೇ ಚೊಂಬು. ಎಂಟು ಅಂತ ಬೇಕಂತಲೇ ಅಂದೆ. ಮೈ ಬಂದದ್ದು ತಿಳಿದ್ರ ಡಾಕ್ಟ್ರು ಗುಳಿಗಿ ಬಿಡಸ್ತಾರ ಅಂತ ಹೆದರಿದ್ದೆ. ಇವರು ಪಾಪ, ನನ್ನ ಬಾಯಿ ನಂಬಿದ್ರು.

ದಾವಣಗೆರಿಗೆ ಹೋದ್ವಿ. ಡಾಕ್ಟ್ರು ಆರೂ ಕಾರ್ಡು ಮೇಜಿನ ಮ್ಯಾಲೆ ಹರವಿದ್ರು. ನನ್ನ ನೋಡಿದ್ರು, ಕಾರ್ಡು ನೋಡಿದ್ರು. "ನಲವತ್ತೆಂಟು ಕೇಜಿಯಾಕಿ ಎಲ್ಲಿ ಅದಾಳ್ರಿ? ಆಕಿನ್ನ ಒಳಗ ಕರೀರಿ" ಅಂದ್ರು.

ಇವರು ಎದ್ದು ನಿಂತು, ಕೈ ಕಟ್ಕೊಂಡು, ಸೀರಿಯಿಂದ ಹಿಡಿದು ಚೊಂಬಿನ ತನಕ ಒಂದೂ ಬಿಡದಂಗ ಒಪ್ಪಿಸಿದ್ರು. ಡಾಕ್ಟ್ರಿಗೆ ನಗಬೇಕೋ ಬಯ್ಯಬೇಕೋ ತಿಳೀಲಿಲ್ಲ. "ಅಲ್ಲೋ ಮಾರಾಯಾ, ಇಷ್ಟು ನೀರು ಯಾಕ ಕುಡೀತಾಳ ಅಂತ ಒಂದಿನಾನೂ ಕೇಳಲಿಲ್ಲೇನು?" ಅಂದ್ರು. ನನ್ನ ಮೂತ್ರ ಒಂದು ನೀಲಿ ಔಷಧದಾಗ ಹಾಕಿ ಕಾಸಿದ್ರು. ಅದು ಇಟ್ಟಂಗಿ ಬಣ್ಣಕ್ಕ ತಿರುಗಿತು. ಸಕ್ಕರಿ ಕಾಯಿಲಿ ಅಂದ್ರು.

ಸಕ್ಕರಿ ಗಿಕ್ಕರಿ ನನ್ನ ತಲಿಗೇ ಹೋಗಲಿಲ್ಲ. ಮಗಳನ್ನ ಅವುಚ್ಕೊಂಡು, "ಸುಳ್ಳು ಹೇಳಿದ್ದು ನಾನ್ರೀ, ಇವರಲ್ಲ. ಗುಳಿಗಿ ಮಾತ್ರ ಬಿಡಿಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂತ ಗೋಳೋ ಅಂತ ಅತ್ತೆ.

ಡಾಕ್ಟ್ರು ಕಾರ್ಡು ಒತ್ತಟ್ಟಿಗೆ ಸರಿಸಿದ್ರು. "ಬಿಡಿಸ್ತೀನಿ ಅಂತ ಯಾರು ಹೇಳಿದ್ರಮ್ಮ? ಬ್ಯಾರೆ ಗುಳಿಗಿ ಅದಾವು. ಮೈ ಬರಾಕತ್ತಿದ್ದು ಮೊದಲ ತಿಳಿದಿದ್ರ, ಸಕ್ಕರಿ ಹತ್ತೋಕಿಂತ ಮುಂಚೆ ಆಗಲೇ ಬದಲಿಸ್ತಿದ್ದೆ. ನಾನು ತೂಕ ಕೇಳಿದ್ದು ಅದಕ್ಕ."

ಗುಳಿಗಿ ಬದಲಾತು. ಮಗಳು ನನ್ನ ಕೈಯಾಗ ಉಳಿದ್ಲು, ನನ್ನ ಕೈಯಾಗ ಬೆಳೆದ್ಲು. ಸಕ್ಕರಿನೂ ನನ್ನ ಕೂಡ ಉಳೀತು. ನನಗ ನನ್ನ ಮ್ಯಾಲೆ ಇವತ್ತಿಗೂ ಸಿಟ್ಟು ಬರತೈತಿ. ಇಡೀ ಓಣಿಗೆ ಬಾಯಿ ಮಾಡೋ ಹೆಂಗಸು ನಾನು. ಮೈ ಬಂದ್ರ ಏನು ಮಾಡ್ತೀರಿ ಅಂತ ಡಾಕ್ಟ್ರಿಗೆ ಒಂದು ಮಾತು ಕೇಳಲಿಲ್ಲ.