ಗಾಳಿಯಲ್ಲಿ ಬಂದ ಒಗ್ಗರಣೆ

ದೆವ್ವ, ಆತ್ಮ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ 2015ರ ಆಸುಪಾಸಿನ ಒಂದು ಸಂಜೆಯ ವಿಷಯ ಬಂದರೆ ನನ್ನ ವಾದವೆಲ್ಲ ಅಡಗುತ್ತದೆ. ಹೇಳಿಬಿಡುತ್ತೇನೆ, ನಗು ಬಂದರೆ ನಗಿ.

ಆಗ ನಾನು, ಹೆಂಡತಿ ಸುಮತಿ ವಿದೇಶದಲ್ಲಿ, ಟೋಟೆಮ್ ಲೇಕ್ ಎಂಬಲ್ಲಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಇಬ್ಬರೂ ಉಡುಪಿ ಕಡೆಯವರು. ಫ್ರೀಮಾಂಟ್‌ನ ನನ್ನ ಆಫೀಸಿನಲ್ಲಿ ರಾನ್ ಎಂಬ ಸಹೋದ್ಯೋಗಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದ. ಅವನ ಹುಚ್ಚು ನನಗೂ ಹತ್ತಿತು. ಲೈಸೆನ್ಸ್ ಮಾಡಿಸಿದೆ. ಮರದ ಮೇಲಿನ ಅಟ್ಟಣೆ ಹತ್ತಲು ಹೆದರಿಕೆ, ಹಾಗಾಗಿ ನೆಲದಲ್ಲೇ ಕೂರುತ್ತಿದ್ದೆ. ನೆಲದಲ್ಲಿ ಕೂತವನು ಜಿಂಕೆ ಆಚೆ ತಿರುಗುವವರೆಗೆ ಬಿಲ್ಲು ಎಳೆಯುವಂತಿಲ್ಲ, ಕೈ ಅಲುಗಿದ್ದು ಅದಕ್ಕೆ ಕಂಡುಬಿಡುತ್ತದೆ. ಗಾಳಿಯೂ ಅದರ ಕಡೆಯಿಂದ ನಮ್ಮ ಕಡೆಗೇ ಬೀಸುತ್ತಿರಬೇಕು. ಇಲ್ಲದಿದ್ದರೆ ನಮ್ಮ ವಾಸನೆ ಹಿಡಿದು ಓಡುತ್ತದೆ.

ನನ್ನದೋ ಅಂತಿಂಥ ವಾಸನೆಯಲ್ಲ. ಬೇಟೆಯ ಜಾಕೆಟ್ಟನ್ನು ಅಡುಗೆಮನೆಯ ಪಕ್ಕದಲ್ಲೇ ನೇತುಹಾಕುತ್ತಿದ್ದೆ. ಸುಮತಿ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ, ಬೆಳ್ಳುಳ್ಳಿ ಒಂಚೂರು ಸೀಯುವವರೆಗೂ ಒಲೆ ಆರಿಸುತ್ತಿರಲಿಲ್ಲ. ಎರಡು ಸೀಸನ್ ಜಿಂಕೆಗಳು ನನ್ನನ್ನು ಕಾಣುವ ಮೊದಲೇ ಪರಾರಿಯಾದವು. ರಾನ್ ಜಾಕೆಟ್ ಮೂಸಿ, ಹಸಿವಾಗುತ್ತದೆ ಎಂದು ನಕ್ಕ. ಮನೆಗೆ ಬಂದು ದೂರಿದೆ.

"ಎಂತ ಮಾರಾಯ್ರೆ, ನಿಮ್ಮ ಜಿಂಕೆಗೆ ಬೆಳ್ಳುಳ್ಳಿ ಆಗುದಿಲ್ವಾ?" ಎಂದಳು ಸುಮತಿ. "ಮೊದಲು ಒಂದು ತನ್ನಿ. ಸುಕ್ಕ ನಾನು ಮಾಡ್ತೇನೆ."

ತರುತ್ತೇನೆ ಎಂದೆ. ಅಷ್ಟರಲ್ಲಿ ಅವಳೇ ಹೋದಳು. ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಮರಳಲಿಲ್ಲ.

ಆಮೇಲೆ ನಾನು ಒಗ್ಗರಣೆ ಹಾಕಿದವನಲ್ಲ, ಎಲ್ಲ ಮೈಕ್ರೋವೇವ್ ಊಟ. ಬೇಟೆಯ ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಕಾಡಿನ ವಾಸನೆ ಹತ್ತಲೆಂದು ಫರ್ ಮರದ ಸೊಪ್ಪಿನ ಜೊತೆ ಡಬ್ಬದಲ್ಲಿ ಮುಚ್ಚಿಟ್ಟೆ. ಮನೆಯಲ್ಲಿ ಯಾವ ವಾಸನೆಯೂ ಉಳಿಯಲಿಲ್ಲ. ಅವಳಿಗೆ ಕೊಟ್ಟ ಮಾತೆಂದೋ, ಖಾಲಿ ಮನೆಯಲ್ಲಿ ಕೂರಲಾಗದೆಯೋ, ಒಂದು ಜಿಂಕೆ ತಂದೇ ತೀರಬೇಕೆಂದು ಹಟ ಹಿಡಿದೆ.

ನವೆಂಬರ್ ಕೊನೆ, ಸೀಸನ್ ಮುಗಿಯುತ್ತ ಬಂದಿತ್ತು. ಬೆಟ್ಟದ ಬುಡದ ಕಾಡಿನಲ್ಲಿ ಬಿದ್ದ ಮರವೊಂದರ ಹಿಂದೆ ಕೂತಿದ್ದೆ. ಗಾಳಿ ನೋಡಲು ಚಿಟಿಕೆ ಅಕ್ಕಿಹಿಟ್ಟು ತೂರಿದೆ, ನನ್ನ ಮುಖಕ್ಕೇ ಬಂತು. ಸರಿಯಾಗಿಯೇ ಇತ್ತು. ಬೆಳಕು ಇಳಿಯುವ ಹೊತ್ತಿಗೆ ಎದುರಿನ ಪೊದೆಯಿಂದ ಕೋಡಿನ ಜಿಂಕೆಯೊಂದು ಬಂದು, ನನ್ನತ್ತಲೇ ಮುಖ ಮಾಡಿ ಮೇಯತೊಡಗಿತು. ನಾನು ಉಸಿರು ಬಿಗಿಹಿಡಿದೆ.

ಆಗ ಬಂತು ನೋಡಿ ವಾಸನೆ. ತೆಂಗಿನೆಣ್ಣೆ, ಬೆಳ್ಳುಳ್ಳಿ, ಆ ಒಂಚೂರು ಸೀದದ್ದು. ನನ್ನ ತೋಳನ್ನೇ ಮೂಸಿದೆ, ಫರ್ ಸೊಪ್ಪು ಬಿಟ್ಟರೆ ಏನೂ ಇಲ್ಲ. ವಾಸನೆ ಬರುತ್ತಿದ್ದದ್ದು ಜಿಂಕೆಯ ಆಚೆಯಿಂದ. ಜಿಂಕೆಯೂ ತಲೆ ಎತ್ತಿತು. ಮೂಗು ಅರಳಿಸಿ, ಕಿವಿ ಹೊರಳಿಸಿ, ಮೈ ಅಡ್ಡ ತಿರುಗಿಸಿ, ಕತ್ತು ಹಿಂದಕ್ಕೆ ಚಾಚಿ ಅತ್ತಲೇ ನೋಡುತ್ತ ನಿಂತಿತು. ಅದರ ಪಕ್ಕೆ ಪೂರ್ತಿ ನನಗೆ ತೆರೆದಿತ್ತು. ಇಷ್ಟು ವರ್ಷ ಕಾದದ್ದು ಇದಕ್ಕೇ. ಬಿಲ್ಲು ಎಳೆದೆ.

ಬಿಡಲಿಲ್ಲ. ಬಾಣ ಬಿಟ್ಟರೆ ಆ ವಾಸನೆ ನಿಂತುಹೋಗುತ್ತದೆ ಎಂದು ಹೆದರಿದೆ, ಅಷ್ಟೇ. ಮೆಲ್ಲನೆ ಹೆದೆ ಸಡಿಲಿಸಿದೆ. ಎರಡು ಸೀಸನ್ ಯಾವ ವಾಸನೆಗೆ ಜಿಂಕೆಗಳು ಓಡಿದ್ದವೋ, ಈ ಜಿಂಕೆ ಅದರತ್ತಲೇ ನಿಧಾನವಾಗಿ ನಡೆದುಹೋಯಿತು. ನಾನೂ ಹಿಂದೆಯೇ ಹೋದೆ. ಅಲ್ಲಿ ಟೆಂಟಿಲ್ಲ, ಒಲೆಯಿಲ್ಲ, ಕೆಸರಿನಲ್ಲಿ ಗೊರಸಿನ ಗುರುತಲ್ಲದೆ ಒಂದು ಬೂಟಿನ ಗುರುತಿಲ್ಲ. ವಾಸನೆಯೂ ಹೋಗಿತ್ತು. ನಿಂತಲ್ಲೇ ಅತ್ತೆ.

ಯಾರೋ ದೂರದಲ್ಲಿ ಅಡುಗೆ ಮಾಡಿರಬೇಕು ಎಂದ ರಾನ್. ಇರಬಹುದು. ನನಗೊಬ್ಬನಿಗೇ ಬಂದಿದ್ದರೆ ದುಃಖದಲ್ಲಿ ತಲೆ ಕೆಟ್ಟಿತ್ತು ಎಂದು ಸುಮ್ಮನಾಗುತ್ತಿದ್ದೆ. ಜಿಂಕೆಗೆ ಯಾವ ದುಃಖ?

ಮನೆಗೆ ಬಂದವನೇ ಒಗ್ಗರಣೆ ಸೌಟು ಹುಡುಕಿ ತೆಗೆದೆ. ಈಗ ದಿನಾ ಹಾಕುತ್ತೇನೆ. ಅದೇ ಎಣ್ಣೆ, ಅದೇ ಬೆಳ್ಳುಳ್ಳಿ, ಬೇಕೆಂದೇ ಒಂಚೂರು ಸೀಯಿಸುತ್ತೇನೆ. ಕಾಡಿನಲ್ಲಿ ಬಂದ ಆ ವಾಸನೆ ನನ್ನ ಅಡುಗೆಮನೆಯಲ್ಲಿ ಇವತ್ತಿಗೂ ಬಂದಿಲ್ಲ.