ಮನೆಗೊಂದು ಕೈ

ಸಂಗನಬಸಪ್ಪನವರ ಹೆಸರನ್ನು ನಾನು ಮೊದಲು ಕೇಳಿದ್ದು ಯುಗಾದಿ ಊಟ ತಡವಾದ ದಿನ. ಈ ಪರದೇಶದ ಕನ್ನಡ ಸಂಘದ ಊಟಕ್ಕೆ ಹೋದ ಮಗ ವಿವೇಕನೂ ಸೊಸೆ ಇಂದುವೂ ಮನೆ ಸೇರಿದಾಗ ನಾಲ್ಕಾಗಿತ್ತು. ಮಂಡಿನೋವೆಂದು ನಾನು ಹೋಗಿರಲಿಲ್ಲ.

"ಹೋಳಿಗೆ ತಣ್ಣಗಾಗಿ ಚರ್ಮ ಆಗೋಗಿತ್ತಮ್ಮ," ಎಂದ ವಿವೇಕ. "ಅಧ್ಯಕ್ಷರನ್ನ ಆರಿಸೋಕೆ ಮನೆಗೊಂದು ಕೈ ಎತ್ತಿ ಅಂದ್ರು. ಪ್ರತಿ ವರ್ಷ ಹಾಗೇ ತಾನೆ? ಸಂಗನಬಸಪ್ಪ ಅಂತ ಒಬ್ರು ಎದ್ದು, ಹೆಂಡ್ತೀರಿಗೆ ಕೈ ಇಲ್ಲೇನು ಅಂತ ಶುರು ಮಾಡಿದ್ರು. ಕೊನೆಗೆ ಹೆಂಗಸರ ಕೈಯನ್ನೂ ಸೇರಿಸಿ ಮೂರು ಸಲ ಎಣಿಸಿದ್ರು."

"ಎಣಿಸಿ ಏನಾಯ್ತು?"

"ಇದ್ದ ಅಧ್ಯಕ್ಷರೇ ಗೆದ್ರು."

"ನಾನು ಮಾತ್ರ ನಿಮ್ಮ ಮಗನ ವಿರುದ್ಧ ಎತ್ತಿದೆ ಅತ್ತೆ," ಎಂದು ಇಂದು ನಕ್ಕಳು.

ಆ ಮನುಷ್ಯ ಮಾಡಿದ್ದು ಅಧಿಕಪ್ರಸಂಗ ಎಂದೇ ನನಗೆ ಅನಿಸಿತು. ಮನೆ ಎಂದಮೇಲೆ ಒಂದು ಮಾತು ಇರಬೇಕು ಎಂದುಕೊಂಡು ಬೆಳೆದವಳು ನಾನು. ಓದಿದ್ದು ನಾಲ್ಕನೇ ಕ್ಲಾಸು.

ಸಂಗನಬಸಪ್ಪನವರು ಬಾದಾಮಿ ಕಡೆಯವರು. ಪ್ಲೇನ್‌ಫೀಲ್ಡ್ ಹತ್ತಿರದ ನಮ್ಮ ಬಡಾವಣೆಯಲ್ಲೇ, ಎರಡು ರಸ್ತೆ ಆಚೆ ಮನೆ. ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ ಮಾಡಿದವರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ತೆಗೆದು ಕೆಂಪು ಡಬ್ಬಿಗೆ ಹಾಕಬೇಕಿತ್ತಂತೆ. "ರೊಟ್ಟಿ ದುಂಡಗ ಆಗಲಿಲ್ಲಂದ್ರ ಅದನ್ನೂ ಕೆಂಪು ಡಬ್ಬಿಗೆ ಹಾಕ್ತಾರ್ರೀ," ಎನ್ನುತ್ತಿದ್ದರು ಅವರ ಹೆಂಡತಿ ರುದ್ರಮ್ಮ.

ನಮ್ಮ ಮನೆಯಿಂದ ಲೈಬ್ರರಿ ಎರಡೂವರೆ ಮೈಲಿ. ಬಸ್ಸಿಲ್ಲ, ಅರ್ಧ ದಾರಿಯಲ್ಲಿ ನಡೆಯುವವರಿಗೆ ಜಾಗವೂ ಇಲ್ಲ. ಮಂಗಳವಾರ ಅಲ್ಲಿ ವಯಸ್ಸಾದವರು ಸೇರಿ ಹೆಣೆಯುತ್ತಾರೆ, ಹರಟುತ್ತಾರೆ. ಡ್ರೈವ್ ಮಾಡಲು ಬಾರದ ನನ್ನನ್ನೂ ಇನ್ನೂ ಮೂವರು ಮುದುಕಿಯರನ್ನೂ ಸಂಗನಬಸಪ್ಪನವರು ತಮ್ಮ ಹಳೆಯ ಕಾರಿನಲ್ಲಿ ಕರೆದೊಯ್ಯತೊಡಗಿದರು. ಒಂದು ದಿನ ದಾರಿಯಲ್ಲಿ, "ನನಗ ಅರವತ್ತೆಂಟ. ಕಣ್ಣು ಮಂಜ ಆಗಾಕತ್ಯಾವ. ನಾ ಬಿಟ್ಟಮ್ಯಾಲ ನೀವು ಹೆಂಗ ಬರ್ತೀರಿ? ಲೈಬ್ರರಿಯವರ ಒಂದು ವ್ಯಾನ್ ಬಿಡಬೇಕು," ಎಂದರು.

ಲೈಬ್ರರಿ ನಡೆಸಲು ಏಳು ಜನರ ಮಂಡಳಿ ಇದೆ. ಅವರನ್ನು ಊರಿನವರೇ ವೋಟು ಹಾಕಿ ಆರಿಸುತ್ತಾರೆ. ಚುನಾವಣೆಗೆ ನಿಲ್ಲಲು ಐವತ್ತು ಮತದಾರರ ಸಹಿ ಬೇಕು. ವ್ಯಾನಿಗಾಗಿ ತಾವೇ ನಿಲ್ಲುವುದೆಂದು ಅವರು ನಿಶ್ಚಯಿಸಿದರು.

ಡಿಸೆಂಬರಿನಲ್ಲಿ ಸಹಿ ಹಾಳೆ ಹಿಡಿದು ನಮ್ಮ ಮನೆಗೆ ಬಂದರು. ವಿವೇಕ, ಇಂದು ಇಬ್ಬರ ಹೆಸರು ವಿಳಾಸಗಳನ್ನು ಮೊದಲೇ ಬರೆದು ತಂದಿದ್ದರು. "ನಿಮ್ದು ಗ್ರೀನ್ ಕಾರ್ಡ್, ಇಲ್ಲಿ ವೋಟಿಲ್ಲ. ನೀವು ಹಾಕೂ ಹಂಗಿಲ್ರಿ," ಎಂದರು. ಮಗ ಸೊಸೆ ಮೇಲಿನ ಕೋಣೆಗಳಲ್ಲಿ ಆಫೀಸ್ ಮೀಟಿಂಗಿನಲ್ಲಿದ್ದರು. ಅಷ್ಟರಲ್ಲಿ ಫೋನ್ ಬಂತೆಂದು ಸಂಗನಬಸಪ್ಪನವರು ಬಾಗಿಲಾಚೆ ಹೋದರು.

ಮಗ ಸೊಸೆಯನ್ನು ಮೀಟಿಂಗಿನಿಂದ ಯಾಕೆ ಎಬ್ಬಿಸುವುದು ಎಂದುಕೊಂಡೆ. ವಿವೇಕನ ಸಹಿ ನೂರು ಸಲ ನೋಡಿದ್ದೇನೆ. ಅದೇನು ಓದುವ ಅಕ್ಷರವಲ್ಲ, ರಂಗೋಲಿಯ ಎಳೆಯ ಹಾಗೆ. ಇಂದೂದು ಇನ್ನೂ ಸುಲಭ. ಎರಡನ್ನೂ ಎಳೆದಿಟ್ಟೆ. ಸಂಗನಬಸಪ್ಪನವರು ಒಳಗೆ ಬಂದಾಗ, "ಇಳಿದು ಬಂದು ಹಾಕಿ ಹೋದ್ರು," ಎಂದೆ. ಅವರು ಒಮ್ಮೆ ಮೆಟ್ಟಿಲ ಕಡೆ ನೋಡಿ, ಹಾಳೆ ಮಡಿಸಿಕೊಂಡು ಹೋದರು.

ಸಹಿ ಹಾಳೆಯನ್ನು ಚುನಾವಣೆ ಆಫೀಸಿಗೆ ಕೊಡಲು ಕೊನೆಯ ದಿನ ಸೋಮವಾರ, ಸಂಜೆ ಐದರವರೆಗೆ. ಅವತ್ತು ಮೂರೂವರೆಗೆ ಸಂಗನಬಸಪ್ಪನವರು ನಮ್ಮ ಬಾಗಿಲು ತಟ್ಟಿದರು. ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ಜೇಬಿನಿಂದ ಭೂತಗನ್ನಡಿ ತೆಗೆದರು.

"ಗಂಗಮ್ಮಾರ, ಇವೆರಡು ಯಾರ ಕೈಯಾನ ಸಹಿ?"

"ನನ್ನ ಮಗ ಸೊಸೇದು."

"ಯಾರ ಕೈ ಅಂತ ಕೇಳಿದೆ."

"ನಾನು ಅವನ ತಾಯಿ. ನಾನು ಹಾಕಿದ್ರೆ ತಪ್ಪೇನು?"

"ಮಗ ಬ್ಯಾರೆ, ಸೊಸಿ ಬ್ಯಾರೆ, ನೀವು ಬ್ಯಾರೆ. ಮನಿ ಒಂದಾದ್ರ ಏನಾತು, ಮಂದಿ ಮೂರು."

"ಆಫೀಸಿನವರಿಗೆ ಗೊತ್ತಾಗುತ್ತಾ?"

"ಯಾರರ ತಕರಾರು ಮಾಡಿದ್ರಷ್ಟ ನೋಡ್ತಾರ. ಇಲ್ಲಂದ್ರ ನಡೀತದ."

"ಮತ್ತೆ ಬಿಡಿ!"

ಹಾಳೆಯ ಕೆಳಗೆ ಬೆರಳಿಟ್ಟರು. "ಎಲ್ಲಾರೂ ನನ್ನ ಕಣ್ಣಮುಂದ ಸಹಿ ಹಾಕ್ಯಾರ ಅಂತ ಇಲ್ಲಿ ನಾ ಆಣಿ ಮಾಡಬೇಕು. ಅವತ್ತ ನಾ ಹೊರಗಿದ್ದೆ. ನನಗ ಗೊತ್ತಿತ್ತು, ಆದ್ರೂ ಮಡಿಚಿಕೊಂಡು ಹ್ವಾದೆ. ಅದು ನನ್ನ ತಪ್ಪು."

ಅಡಿಪಟ್ಟಿ ಇಟ್ಟು ಆ ಎರಡು ಸಹಿಗಳ ಮೇಲೆ ಗೆರೆ ಎಳೆದರು. ಐವತ್ತೊಂದು ಇದ್ದದ್ದು ನಲವತ್ತೊಂಬತ್ತಾಯಿತು.

ದೂರದ ಕ್ಯಾಂಟನ್ ಊರಿನಲ್ಲಿ ಇಂದೂಳ ಅಣ್ಣನ ಗೃಹಪ್ರವೇಶಕ್ಕೆ ಹೋಗಿದ್ದ ಮಗ ಸೊಸೆ ದಾರಿಯಲ್ಲಿದ್ದರು. ಫೋನ್ ಮಾಡಿದೆ. "ಇನ್ನೂ ಕಲಮಜೂ ಹತ್ರ ಇದೀವಮ್ಮ, ಎರಡೂವರೆ ಗಂಟೆ ಬೇಕು," ಎಂದ ವಿವೇಕ.

ಬೇಕಿದ್ದದ್ದು ಒಂದೇ ಒಂದು ಸಹಿ. ಕೋಟು ಹಾಕಿಕೊಂಡು ನಾನೂ ಅವರ ಜೊತೆ ಹೊರಟೆ. ಮೊದಲ ಮನೆಯಲ್ಲಿ ಯಾರೂ ಇರಲಿಲ್ಲ. ಎರಡನೆಯ ಮನೆಯಾತ ಯಾವುದಕ್ಕೂ ಸಹಿ ಹಾಕುವುದಿಲ್ಲವೆಂದು ಬಾಗಿಲು ಮುಚ್ಚಿದ. ಎದುರು ಮನೆಯಲ್ಲಿ ದೀಪ ಕಂಡು ನಾನೇ ಅವಸರದಲ್ಲಿ ಅವರನ್ನು ರಸ್ತೆ ದಾಟಿಸಿದೆ. ನಾಯಿಯನ್ನು ಕಂಕುಳಲ್ಲಿ ಅವಚಿಕೊಂಡು ಬಂದ ಬಿಳಿಯ ಮುದುಕಿ ನಗುತ್ತಲೇ ಸಹಿ ಹಾಕಿಕೊಟ್ಟಳು. ಕಾರಿನ ಹತ್ತಿರ ಬಂದ ಸಂಗನಬಸಪ್ಪನವರು ಹಾಳೆಯಲ್ಲಿ ಅವಳ ವಿಳಾಸ ನೋಡಿ ನಿಂತೇಬಿಟ್ಟರು.

"ರಸ್ತೆ ಈ ಕಡಿ ಬ್ಯಾರೆ ಲೈಬ್ರರಿಗೆ ಸೇರ್ತದ, ಈ ಸಹಿ ನಡಿಯಂಗಿಲ್ಲ," ಎಂದರು. ಅದನ್ನೂ ಹೊಡೆದುಹಾಕಿದರು.

ಐದು ಗಂಟೆಗೆ, ಗಡುವು ಮುಗಿಯುವ ಹೊತ್ತಿಗೆ, ನಮ್ಮ ಅಡುಗೆಮನೆಯಲ್ಲಿ ಕೂತು ಟೀ ಕುಡಿದರು. ಎರಡು ಬಿಸ್ಕತ್ತು ತಿಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಮರುತಿಂಗಳಿಂದ ಅವರು ಮಂಡಳಿಯ ಸಭೆಗೆ ಹೋಗತೊಡಗಿದರು. ಅಲ್ಲಿ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು, ವೋಟು ಇರಬೇಕೆಂದೇನಿಲ್ಲ. ಹದಿನಾಲ್ಕು ತಿಂಗಳು, ಹದಿನಾಲ್ಕು ಸಲ ವ್ಯಾನಿನ ಮಾತನ್ನೇ ಆಡಿದರು. ಮಂಡಳಿಯವರು ಬರೆದುಕೊಂಡು ಥ್ಯಾಂಕ್ಸ್ ಹೇಳಿ ಕಳಿಸುತ್ತಿದ್ದರು.

ಹದಿನೈದನೆಯ ತಿಂಗಳು ಅವರು ಆಸ್ಪತ್ರೆಯಲ್ಲಿದ್ದರು. ಆ ಸಲ ಎದ್ದು ನಿಂತವಳು ನಾನು. ಈ ಬೇಸಿಗೆಯಿಂದ ತಿಂಗಳಿಗೆ ಎರಡು ಮಂಗಳವಾರ ವ್ಯಾನ್ ಬರುತ್ತಿದೆ. ಅದನ್ನು ನೋಡಲು ಅವರು ಉಳಿಯಲಿಲ್ಲ.

ನಾನು ಮಾತಾಡಿದ ಆ ಸಭೆಯ ಹಿಂದಿನ ದಿನ ಸೊಸೆ ಇಂದು ನನ್ನನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ರುದ್ರಮ್ಮ ಗಂಡನ ಕಾಲು ಒತ್ತುತ್ತಿದ್ದರು.

"ನಾಳೆ ನಾನು ಹೋಗ್ತೀನಿ," ಎಂದೆ. "ಕನ್ನಡದಲ್ಲಿ ಹೇಳ್ತೀನಿ, ಇಂದು ಇಂಗ್ಲಿಷ್ ಮಾಡ್ತಾಳೆ. ನಿಮ್ಮ ಪರವಾಗಿ ಬಂದಿದೀನಿ ಅಂತ ಹೇಳ್ತೀನಿ."

ಸಂಗನಬಸಪ್ಪನವರು ದಿಂಬಿನ ಮೇಲೇ ಬೇಡವೆಂದು ತಲೆ ಅಲ್ಲಾಡಿಸಿದರು.

"ಮೊದಲಿಗೆ ಹೆಸರು ಕೇಳ್ತಾರ, ಗಂಗಮ್ಮಾರ. ನಂದು ಹೇಳಬ್ಯಾಡ್ರಿ. ನಿಮ್ದ ಹೇಳ್ರಿ."