ಎರಡು ಓದಿನ ವರ

ಹೋದ ವಾರ ನಾನು ಕಳ್ಳನ ಹಾಗೆ ಮದ್ದೂರಿಗೆ ಹೋಗಿದ್ದೆ. ಕದಿಯಲಿಕ್ಕಲ್ಲ. ಮಗಳಿಗೆ ಬಂದ ವರನನ್ನು ಅವನಿಗೆ ಗೊತ್ತಾಗದಂತೆ ನೋಡಲಿಕ್ಕೆ. (ಹೆಣ್ಣು ಹೆತ್ತವರು ಇದನ್ನು ಓದಿ ನಗಬಾರದು. ನೀವೂ ಮಾಡಿದ್ದೀರಿ.)

ಹುಡುಗ ಹಲಗೂರಿನವನು, ಹೆಸರು ಮರಿಗೌಡ. ಬೇಸಾಯದ ಮನೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಬಿ.ಇ. ಮಾಡಿದ. ನಾಲೆಯ ಮೇಲೆ ಸರ್ಕಾರಿ ಕೆಲಸವೂ ಸಿಕ್ಕಿತು. ಅಲ್ಲಿಗೇ ನಿಂತಿದ್ದರೆ ಇಷ್ಟು ಹೊತ್ತಿಗೆ ನಾನು ಬೀಗರ ಔತಣದ ಬಗ್ಗೆ ಬರೆಯುತ್ತಿದ್ದೆ. ಆದರೆ ಈ ಮಹಾರಾಯ ರಾಜೀನಾಮೆ ಕೊಟ್ಟು ಮತ್ತೆ ಕಾಲೇಜಿಗೆ ಸೇರಿದ. ಯಾವುದಕ್ಕೆ? ಬಿ.ಕಾಂ.ಗೆ. ತನಗಿಂತ ಐದಾರು ವರ್ಷ ಚಿಕ್ಕವರ ಪಕ್ಕ ಬೆಂಚಿನ ಮೇಲೆ ಕೂತು ವ್ಯಾಪಾರದ ಪಾಠ ಓದಿದ. ಈಗ ಮದ್ದೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೇನೇಜರ್. ಸೇರಿ ಮೂರು ವಾರ.

ಸರ್ಕಾರಿ ಕೆಲಸ ಬಿಟ್ಟವನಿಗೆ ಹೆಣ್ಣು ಕೊಡುವುದೇ? ಒಂದು ಓದಿನಲ್ಲಿ ನಿಲ್ಲದವನು ಸಂಸಾರದಲ್ಲಿ ನಿಲ್ಲುತ್ತಾನೆಯೇ ಎಂದು ನನ್ನ ಹೆಂಡತಿ ಕೇಳಿದಳು. ನಾನೂ ಅವಳ ಪಕ್ಷವೇ. ಬೇಡವೆಂದು ಕಾಗದ ಬರೆಯಲು ಕೂತೂ ಆಗಿತ್ತು. ಆಗ ಮಗಳು ಜಯಮ್ಮ ಬಾಗಿಲಲ್ಲಿ ನಿಂತು, "ಯಾಕೆ ಕೆಲ್ಸ ಬುಟ್ರು ಅಂತ ಒಂದ್ಸಲ ಕೇಳಿ ಅಪ್ಪ. ಆಮೇಲೆ ಬೇಡ ಅನ್ನಿ" ಎಂದಳು.

ನ್ಯಾಯವಾದ ಮಾತು. ಮಂಡ್ಯದಿಂದ ಬೆಳಗಿನ ರೈಲು ಹತ್ತಿದೆ.

ಮಿಲ್ಲಿನ ಅಂಗಳದಲ್ಲಿ ಮೂವತ್ತೋ ನಲವತ್ತೋ ಗಾಡಿಗಳು. ಹಿಂದಿನ ದಿನವೇ ಬಂದವರು ಮೂರು ಕಲ್ಲು ಹೂಡಿ ಮುದ್ದೆ ಬೇಯಿಸುತ್ತಿದ್ದರು. ನಾನು ಭತ್ತದ ಧಾರಣೆ ಕೇಳಲು ಬಂದವನಂತೆ ಮಿಲ್ಲಿನ ಸಾಹುಕಾರರ ಜಗುಲಿಯ ಮೇಲೆ ಕೂತೆ. ಅವರಿಗೆ ಯಾರಾದರೂ ಸಿಕ್ಕರೆ ಸಾಕಾಗಿತ್ತು, ಕಷ್ಟ ತೋಡಿಕೊಂಡರು. ಇರುವ ಎಂಜಿನ್ ಸಾಲದು, ದೊಡ್ಡದಕ್ಕೆ ಮದರಾಸಿನ ಏಜೆಂಟರ ಹತ್ತಿರ ಮಾತಾಗಿದೆ, ಯುದ್ಧದ ಕಾಲದಲ್ಲಿ ಅದನ್ನು ತರುವ ಹಡಗು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅಷ್ಟರಲ್ಲಿ ಹೊಸ ಮೇನೇಜರ್ ರುಜು ಹಾಕಬೇಡಿ, ಒಂದು ದಿನ ನನಗೆ ಬಿಡಿ ಎಂದು ಹಟ ಹಿಡಿದಿದ್ದಾನಂತೆ. ಆ ಒಂದು ದಿನ ಇವತ್ತೇ ಅಂತೆ. ಇವತ್ತೂ ಗಾಡಿಗಳು ನಿಂತರೆ ಏಜೆಂಟರಿಗೆ ರುಜು, ಮೇನೇಜರಿಗೆ ರಜಾ.

ನನ್ನ ಎದೆ ಏಕೆ ಹೊಡೆದುಕೊಂಡಿತೋ ಕಾಣೆ. ಬೇಡವೆನ್ನಲು ಹೋದವನಲ್ಲವೇ ನಾನು?

ಹುಡುಗ ಆಫೀಸಿನಲ್ಲಿರಲಿಲ್ಲ. ಅಂಗಿಗೆ ಎಣ್ಣೆ ಮೆತ್ತಿಸಿಕೊಂಡು ಯಂತ್ರದ ಮಗ್ಗುಲಲ್ಲಿದ್ದ. ಮೂರು ವಾರ ಅವನು ಮಾಡಿದ್ದು ಒಂದೇ ಕೆಲಸ, ನಿಂತು ನೋಡುವುದು. ಎಂಜಿನ್ನಿಗೆ ಕಾಯಿಲೆ ಇರಲಿಲ್ಲ. ಒಬ್ಬರು ದಪ್ಪ ಭತ್ತ ತರುತ್ತಾರೆ, ಅವರ ಹಿಂದಿನವರು ಸಣ್ಣ ಭತ್ತ. ಪ್ರತಿ ಸಲವೂ ಯಂತ್ರ ನಿಲ್ಲಿಸಿ ಒಳಗಿನ ಸಂದು ಬಿಗಿ ಮಾಡಬೇಕು, ಇಲ್ಲವೇ ಸಡಿಲ ಮಾಡಬೇಕು. ತಪ್ಪಿದರೆ ಅಕ್ಕಿಯೆಲ್ಲ ನುಚ್ಚು. ಹೀಗೆ ಹಗಲಿನಲ್ಲಿ ಅರ್ಧ ಹೊತ್ತು ಯಂತ್ರ ಸುಮ್ಮನೆ ನಿಂತಿರುತ್ತಿತ್ತು. ಅವನ ಉಪಾಯ ಇಷ್ಟೇ: ಮಧ್ಯಾಹ್ನದವರೆಗೆ ದಪ್ಪ ಭತ್ತ, ಆಮೇಲೆ ಸಣ್ಣ ಭತ್ತ.

ಕಾಗದದ ಮೇಲೆ ಬಹಳ ಚೆಂದ. ಆದರೆ ಮೊದಲು ಬಂದ ಗಾಡಿಯನ್ನು ಹಿಂದಕ್ಕೆ ತಳ್ಳಿ ಎಂದರೆ ನಮ್ಮ ಮಂಡ್ಯ ಸೀಮೆಯವರು ಸುಮ್ಮನಿರುತ್ತಾರೆಯೇ?

ಆತಗೂರಿನ ಭೈರಮ್ಮ ಎಂಬ ಮುದುಕಿ ತನ್ನ ಎತ್ತುಗಳ ಮುಂದೆ ಅಡ್ಡ ನಿಂತಳು. ಸೋಮವಾರ ಮೊಮ್ಮಗಳ ಮದುವೆ, ಗಾಡಿಯಲ್ಲಿದ್ದದ್ದು ಅದಕ್ಕೆಂದೇ ಎತ್ತಿಟ್ಟ ಸಣ್ಣ ಭತ್ತ, ರಾತ್ರಿಯೆಲ್ಲ ಗಾಡಿಯ ಕೆಳಗೆ ಮಲಗಿದ್ದಾಳೆ. ಮೇನೇಜರ್ ಎರಡೆರಡು ಓದಿದ್ದಾನೆಂದು ಯಾರೋ ಅವಳ ಕಿವಿಗೆ ಹಾಕಿದ್ದರು.

"ನಿನ್ ಎಲ್ಡು ಓದು ನನ್ ಬತ್ತವ ಅಕ್ಕಿ ಮಾಡ್ತದೇನ್ಲಾ?" ಎಂದಳು.

ಮರಿಗೌಡ ಅವಳೆದುರು ಕುಕ್ಕರುಗಾಲಲ್ಲಿ ಕೂತ. "ಇಲ್ಲ ಕಣವ್ವ. ಯಾರ ಬತ್ತವ ಯಾವಾಗ ಆಕ್ಬೇಕು ಅಂತ ಏಳ್ತದೆ, ಅಷ್ಟೇಯ. ಸಣ್ಬತ್ತದಲ್ಲಿ ನಿಂದೇ ಮೊದ್ಲು. ಒತ್ತು ಮುಳುಗಾಕ್ ಮುಂಚೆ ಆಗ್ದಿದ್ರೆ ನಾನೇ ಒತ್ಕಂಡು ನಿಮ್ಮೂರ್ಗೆ ಬತ್ತೀನಿ."

ಮುದುಕಿ ಅವನ ಭುಜವನ್ನು ಅಳೆದು ನೋಡಿ, ಇದು ಒಂದು ಮೂಟೆಯನ್ನೂ ಹೊರುವ ಭುಜವಲ್ಲ ಎಂದು ತೀರ್ಪು ಕೊಟ್ಟಳು. ಅಂಗಳವೆಲ್ಲ ನಕ್ಕಿತು. ನಗುತ್ತಲೇ ಅವಳು ಎತ್ತಿನ ಹಗ್ಗ ಹಿಡಿದು ಗಾಡಿಯನ್ನು ಪಕ್ಕಕ್ಕೆಳೆದಳು. ಅವಳು ಸರಿದ ಮೇಲೆ ಉಳಿದ ಗಂಡಸರಿಗೆ ಜಗಳವಾಡಲು ಮುಖವೆಲ್ಲಿ?

ಆ ದಿನ ಯಂತ್ರ ನಿಂತದ್ದು ಒಂದೇ ಸಲ, ಮಧ್ಯಾಹ್ನ. ನಾನು ವಾಪಸು ರೈಲು ತಪ್ಪಿಸಿಕೊಂಡೆ. (ಬೇಕೆಂದೇ.) ಭೈರಮ್ಮ ಬಿಸಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನುಚ್ಚು ಹುಡುಕಿದಳು, ಸಿಗಲಿಲ್ಲ. ಕೊನೆಯ ಗಾಡಿ ಹೊರಟಾಗ ಇನ್ನೂ ಬಿಸಿಲಿತ್ತು. ಸಾಹುಕಾರರು ಏಜೆಂಟರ ಕಾಗದಗಳನ್ನು ಮಡಿಸಿ ಒಳಗಿಟ್ಟರು.

ಆಮೇಲೆ ಹುಡುಗ ಕೈ ಒರೆಸಿಕೊಂಡು ನೇರ ನನ್ನ ಹತ್ತಿರ ಬಂದ. ಬೆಳಗಿನಿಂದ ಕೂತಿದ್ದೀರಿ, ಭತ್ತ ತಂದಿಲ್ಲ, ಮಂಡ್ಯದ ಹೆಣ್ಣಿನ ಕಡೆಯವರಲ್ಲವೇ ಎಂದು ಕೇಳಿದ. ನನ್ನ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು. ನಾಚಿಕೆ ಬಿಟ್ಟು ಜಯಮ್ಮನ ಪ್ರಶ್ನೆ ಕೇಳಿದೆ.

ನಾಲೆಯ ಒಂದು ತೂಬನ್ನು ಅವನು ಮೂರು ಸಲ ರಿಪೇರಿ ಮಾಡಿಸಿದನಂತೆ. ಮೂರು ಸಲವೂ ರೈತರು ಒಡೆದರಂತೆ. ನೀರು ಯಾವಾಗ ಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. "ಯಂತ್ರ ಯಾಕೆ ನಿಲ್ತದೆ ಅಂತ ಓದಿದ್ದೆ ಗೌಡ್ರೆ. ಜನ ಯಾಕೆ ಕಾಯ್ತಾ ಕೂತವ್ರೆ ಅಂತ ಓದಿರ್ನಿಲ್ಲ" ಎಂದ.

ನಮ್ಮಲ್ಲಿ ಯಂತ್ರ ಬಲ್ಲವರು ಆ ಕೋಣೆಯಲ್ಲಿ, ವ್ಯಾಪಾರ ಬಲ್ಲವರು ಈ ಕೋಣೆಯಲ್ಲಿ. ನಡುವಿನ ಬಾಗಿಲು ತೆರೆಯುವವರು ಎಷ್ಟು ಜನ? ಊರೂರಿಗೆ ಮಿಲ್ಲು, ಕರೆಂಟು ಬರುತ್ತಿರುವಾಗ ಅಂಥವರು ಬೇಡವೇ?

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಹೆಂಡತಿ ಒಪ್ಪಿದಳು. ಜಯಮ್ಮ ಮತ್ತೆ ಬಾಗಿಲಿಗೆ ಬಂದು ನಿಂತಳು. ಅವಳು ಎಸ್.ಎಸ್.ಎಲ್.ಸಿ.ಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ವರ್ಷವೇ, ಇನ್ನು ಸಾಕು ಎಂದು ನಿಲ್ಲಿಸಿದವನು ನಾನು.

"ಅವ್ರು ಎಲ್ಡು ಓದಿದ್ದು ಸರಿ ಅಂತೀರಿ. ನಾನು ಒಂದು ಓದ್ಬೋದಾಗಿತ್ತಲ್ವಾ ಅಪ್ಪ?"

ಹುಡುಗಿ ಮೊದಲು ಓದಬೇಕೆಂದಿದ್ದಾಳೆ ಎಂದು ಮದ್ದೂರಿಗೆ ಕಾಗದ ಬರೆದೆ. ಮರು ಟಪಾಲಿನಲ್ಲೇ ಉತ್ತರ ಬಂತು: ಕಾಯುತ್ತೇನೆ, ಓದಲಿ.

ಜೂನ್ ತಿಂಗಳಿಗೆ ಅವಳು ಮೈಸೂರಿಗೆ ಹೊರಡುತ್ತಾಳೆ, ಇಂಟರ್‌ಮೀಡಿಯೆಟ್ಟಿಗೆ. ನಿಮ್ಮ ಮನೆಯ ಹುಡುಗಿ ಏನು ಓದುತ್ತಿದ್ದಾಳೆ?